ಯಾರ ಕೂಗು ಮೊದಲು?

ಉಪ್ಪಿನಕಾಯಿ, ಕಸೂತಿಗಳ ನಡುವೆ ಇವಳೇನು ಕೋರ್ಟು-ಕಚೇರಿಯ ಮಾತು ತೆಗೆದಳು ಎಂದು ಮೂಗು ಮುರಿಯಬೇಡಿ, ಸೋದರಿಯರೇ. ನಿಮ್ಮ ಬೀದಿಯನ್ನೇ ಒಮ್ಮೆ ಲೆಕ್ಕ ಹಾಕಿ ನೋಡಿ. ಎಡಗಡೆ ಮನೆಯಾಕೆಯದು ತವರಿನ ಪಾಲಿನ ದಾವೆ. ಬಲಗಡೆ ಮನೆಯವರ ಮಗಳದು ವಿಚ್ಛೇದನ. ಹಿಂದಿನ ಓಣಿಯ ಅಜ್ಜಿಯದು, ಬಾಡಿಗೆಯನ್ನೂ ಕೊಡದೆ ಮನೆಯನ್ನೂ ಬಿಡದೆ ಕೂತವನ ಮೇಲಿನ ಕೇಸು. ಒಂದಲ್ಲ ಒಂದು ಮನೆಯ ಕ್ಯಾಲೆಂಡರಿನಲ್ಲಿ ಯಾವುದೋ ಒಂದು ತಾರೀಖಿಗೆ ಪೆನ್ಸಿಲಿನ ಸುತ್ತು ಇದ್ದೇ ಇರುತ್ತದೆ. ಅದು ಹಬ್ಬವಲ್ಲ, ಗ್ಯಾಸ್ ಬರುವ ದಿನವೂ ಅಲ್ಲ. ವಾಯಿದೆಯ ದಿನ.

"ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ" ಎಂದು ಹಿರಿಯರು ಹೇಳಿದ್ದು ಸುಳ್ಳಲ್ಲ. ಆದರೆ ಆ ಗಾದೆ ಕಟ್ಟಿದವರು ಗಂಡಸರೇ ಇರಬೇಕು ಅಂತ ನನಗೆ ಅನುಮಾನ. ಗೆದ್ದವನು, ಸೋತವನು ಎಂದು ಇಬ್ಬರನ್ನೇ ಹೇಳಿ ಮುಗಿಸಿಬಿಟ್ಟರು. ಗೆಲ್ಲದೆ, ಸೋಲದೆ, ಬಾಗಿಲ ಬಳಿ ಕಾಯುತ್ತಾ ನಿಂತವಳ ಸುದ್ದಿಯೇ ಅದರಲ್ಲಿಲ್ಲ. ನಾನು ಇವತ್ತು ಹೇಳಹೊರಟಿರುವುದು ಅವಳ ಮಾತು.

ನಮ್ಮ ಬೀದಿಗೆ ದಿನಾ ಬೆಳಿಗ್ಗೆ ಹೂ ಕೊಡಲು ಬರುವಾಕೆಯನ್ನು ನಾವೆಲ್ಲ ಹೂವಮ್ಮ ಎಂದೇ ಕರೆಯುವುದು. ಇಬ್ಬರು ಮಕ್ಕಳನ್ನು ಇವಳ ಕೈಗೆ ಬಿಟ್ಟು ಗಂಡ ಬೇರೊಂದು ಊರಿನಲ್ಲಿ ಬೇರೊಂದು ಸಂಸಾರ ಹೂಡಿದ. 2018ರಲ್ಲಿ ಆಕೆ ಜೀವನಾಂಶಕ್ಕೆ ಅರ್ಜಿ ಹಾಕಿದಳು. "ಅಮ್ಮಾ, ಒಬ್ಬಳೇ ಹೋಗೋಕೆ ಎದೆ ಡವಡವ ಅಂತದೆ, ಒಂದು ಸಲ ಬನ್ನಿ" ಎಂದಳು. ಒಂದು ಸಲ ಎಂದು ಹೋದದ್ದು ಎಷ್ಟು ಸಲವಾಯಿತೋ, ಲೆಕ್ಕ ಇಟ್ಟಿಲ್ಲ.

ತಾಲ್ಲೂಕು ಕೋರ್ಟನ್ನು ಒಳಹೊಕ್ಕು ನೋಡದವರಿಗಾಗಿ ಹೇಳುತ್ತೇನೆ. ಆ ದಿನದ ಕೇಸುಗಳ ಪಟ್ಟಿಯನ್ನು ಹೊರಗಿನ ಗೋಡೆಗೆ ಅಂಟಿಸಿರುತ್ತಾರೆ. ನಾವು ಹೋದ ಮೊದಲ ದಿನ ಅದರಲ್ಲಿ ತೊಂಬತ್ತಕ್ಕೂ ಮಿಕ್ಕಿ ಕೇಸುಗಳಿದ್ದವು. ಹೂವಮ್ಮನದು ಅರವತ್ತು ದಾಟಿದ ಮೇಲೆ. ಚಿಕ್ಕ ತಾಲ್ಲೂಕುಗಳಲ್ಲಿ ಸಿವಿಲ್ ದಾವೆಯನ್ನೂ ಕ್ರಿಮಿನಲ್ ಕೇಸನ್ನೂ ಒಬ್ಬರೇ ನ್ಯಾಯಾಧೀಶರು ನೋಡಬೇಕಾಗುತ್ತದೆ. ಕಳ್ಳತನ, ಹೊಡೆದಾಟ, ಬೇಲಿ, ಬಾಡಿಗೆ, ಜೀವನಾಂಶ ಎಲ್ಲವೂ ಒಂದೇ ಮೇಜಿನ ಮೇಲೆ. ಅಟೆಂಡರ್ ಹೆಸರು ಕೂಗಿದಾಗ ಕೇಳಿಸದೆ ಹೋದರೆ ಗತಿಯೇನು ಎಂದು ಹೂವಮ್ಮ ನೀರು ಕುಡಿಯಲೂ ಆಚೆ ಹೋಗಲಿಲ್ಲ. ಒಳಗೆ ಅಣ್ಣ-ತಮ್ಮಂದಿರ ಹೊಲದ ಬದುವಿನ ದಾವೆಯ ಪಾಟೀಸವಾಲು ನಡೆದಿತ್ತು. ಹನ್ನೆರಡು ವರ್ಷದ ದಾವೆಯಂತೆ. ಸಾಕ್ಷಿ ಹೇಳುತ್ತಿದ್ದ ಮುದುಕರಿಗೆ ಬದು ಎಲ್ಲಿತ್ತು ಎನ್ನುವುದೇ ಮರೆತುಹೋದ ಹಾಗಿತ್ತು, ಪಾಪ.

ನಾಲ್ಕು ಗಂಟೆ ಸುಮಾರಿಗೆ ಹೂವಮ್ಮನ ಹೆಸರು ಕೂಗಿದರು. ಎದುರು ವಕೀಲರು "ತಕರಾರು ಸಲ್ಲಿಸಲು ಕಾಲಾವಕಾಶ ಬೇಕು" ಎಂದರು. ಬೆಂಚ್ ಕ್ಲಾರ್ಕು ಏಳು ವಾರ ಮುಂದಿನ ತಾರೀಖು ಬರೆದುಕೊಂಡರು. ಎರಡು ನಿಮಿಷವೂ ಹಿಡಿದಿರಲಿಕ್ಕಿಲ್ಲ. ಮುಂಜಾವಿಗೆ ಎದ್ದು ಮಾರುಕಟ್ಟೆಯಿಂದ ತಂದಿದ್ದ ಮಲ್ಲಿಗೆ ಅಷ್ಟರಲ್ಲಿ ಬುಟ್ಟಿಯಲ್ಲೇ ಬಾಡಿತ್ತು.

ಏಳು ವಾರ ಎನ್ನುವುದು ಪಟ್ಟಿ ಬರೆಯುವವರಿಗೆ ಡೈರಿಯ ಏಳು ಹಾಳೆ. ಸಂಸಾರ ಮಾಡುವ ನಮಗೆ ಅದರ ಲೆಕ್ಕ ಬೇರೆ. ಎರಡು ಸಲ ಬಾಡಿಗೆ ಕೊಡಬೇಕು, ಎರಡು ಸಲ ರೇಷನ್ ತರಬೇಕು, ನಡುವೆ ಮಗುವಿಗೆ ಒಂದು ಜ್ವರ ಬಂದೇ ಬರುತ್ತದೆ.

ನಾನು ಅವಳ ವಕೀಲರನ್ನು ಕೇಳಿದೆ: "ಆ ಬದುವಿನ ಕೇಸು ಮೊದಲೇಕೆ, ಹೊಟ್ಟೆಯ ಕೇಸು ಕೊನೆಗೇಕೆ?" ಅವರು ನಕ್ಕು, "ನೋಡೀಮ್ಮಾ, ಅದು ಹಳೇ ಕೇಸು. ಹಳೇದನ್ನ ಮೊದಲು ಮುಗಿಸಿ ಅಂತ ಮೇಲಿನಿಂದ ಬರೀತಾನೇ ಇರ್ತಾರೆ" ಎಂದರು. ಅಲ್ಲಿಗೆ ಒಂದು ಸಂಗತಿ ತಿಳಿಯಿತು. ಈ ಸಾಲು ತನ್ನಷ್ಟಕ್ಕೆ ಆದದ್ದಲ್ಲ, ಯಾರೋ ಯೋಚಿಸಿ ಇಟ್ಟದ್ದು. ಇಟ್ಟದ್ದಾದರೆ ಅದನ್ನು ಬದಲಾಯಿಸಲೂ ಬರುತ್ತದೆ, ಅಲ್ಲವೇ?

ಹಿಟ್ಟಿನ ಗಿರಣಿಯ ಸಾಲು ನೆನಪಿಸಿಕೊಳ್ಳಿ. ಯಾರ ಡಬ್ಬ ಮೊದಲು ಬಂತೋ ಅವರದು ಮೊದಲು ಎನ್ನುವುದು ಹೇಳುವುದಕ್ಕೆ ಮಾತ್ರ. ಗಿರಣಿಯವನು ರಾಗಿಯನ್ನೆಲ್ಲ ಒಟ್ಟಿಗೆ ಹಾಕುತ್ತಾನೆ, ಗೋಧಿಯನ್ನು ಒಟ್ಟಿಗೆ. ಮೆಣಸಿನಕಾಯಿ ಎಷ್ಟು ಬೇಗ ತಂದಿಟ್ಟರೂ ಕೊನೆಗೇ. ಇಲ್ಲದಿದ್ದರೆ ನಮ್ಮೆಲ್ಲರ ಚಪಾತಿಯೂ ಖಾರ. ಬೀಸುವ ಪದಾರ್ಥ ನೋಡಿ ಸಾಲು ಕಟ್ಟುವುದು ಅನ್ಯಾಯವಲ್ಲ, ಅದು ವಿವೇಕ.

ಇಂಥದೇ ವಿವೇಕವನ್ನು ನಮ್ಮ ರಾಜ್ಯದ ಸಿವಿಲ್ ನ್ಯಾಯಾಲಯಗಳಿಗೂ ತರಲು 2005ರಲ್ಲಿ ನಿಯಮಗಳೇ ಬಂದವು. ಕೇಸುಗಳ ಹರಿವನ್ನು ಹೇಗೆ ನಡೆಸಬೇಕು ಎಂದು ಹೇಳುವ ನಿಯಮಗಳು ಅವು. ಆ ವರ್ಷವೇ ಸುಪ್ರೀಂ ಕೋರ್ಟು ಸೇಲಂ ವಕೀಲರ ಸಂಘದ ಪ್ರಕರಣದಲ್ಲಿ, ನ್ಯಾಯಮೂರ್ತಿ ಎಂ. ಜಗನ್ನಾಥ ರಾವ್ ಅವರ ಸಮಿತಿ ಸಿದ್ಧಪಡಿಸಿದ ಮಾದರಿಯನ್ನು ಮುಂದಿಟ್ಟು, ಎಲ್ಲ ಹೈಕೋರ್ಟುಗಳೂ ಇಂಥ ನಿಯಮ ಮಾಡಿಕೊಳ್ಳುವುದು ಒಳ್ಳೆಯದು ಎಂದಿತ್ತು. ಕರ್ನಾಟಕದ ನಿಯಮದಲ್ಲಿ ಕೇಸುಗಳನ್ನು ನಾಲ್ಕು ಸಾಲಿಗೆ ಹಂಚಿದ್ದಾರೆ. ಮೊದಲ ಸಾಲಿನಲ್ಲಿ ಏನೇನಿದೆ ಗೊತ್ತೇ? ಜೀವನಾಂಶ, ಮಕ್ಕಳು ಯಾರ ಬಳಿ ಇರಬೇಕು ಎನ್ನುವುದು, ಮಕ್ಕಳನ್ನು ನೋಡಿಬರುವ ಹಕ್ಕು, ಗಂಡ ತೀರಿಕೊಂಡ ಮೇಲೆ ಬ್ಯಾಂಕಿನವರು ಕೇಳುವ ಉತ್ತರಾಧಿಕಾರ ಪತ್ರ, ಬಾಡಿಗೆ ವಸೂಲಿ. ಇವನ್ನು 9 ತಿಂಗಳೊಳಗೆ ಮುಗಿಸಲು ಪ್ರಯತ್ನಿಸಬೇಕು. ವಿಚ್ಛೇದನ, ಮನೆ ಖಾಲಿ ಮಾಡಿಸುವುದು, ಬಂದ ತೀರ್ಪನ್ನು ಜಾರಿ ಮಾಡಿಸುವುದು ಎರಡನೆಯ ಸಾಲು, 12 ತಿಂಗಳು. ಆಸ್ತಿ ಪಾಲು ಮೂರನೆಯ ಸಾಲು. ಅದಕ್ಕೂ ಮಿಕ್ಕವಕ್ಕೂ 24 ತಿಂಗಳು.

ಓದಿದಾಗ ನನಗೆ ನಂಬಿಕೆ ಬರಲಿಲ್ಲ. ಯಾರೋ ಅಡಿಗೆಮನೆಯ ಕಷ್ಟ ತಿಳಿದವರೇ ಕೂತು ಬರೆದ ಹಾಗಿದೆಯಲ್ಲ ಎನ್ನಿಸಿತು. ತೊಂದರೆ ಇರುವುದು "ಪ್ರಯತ್ನಿಸಬೇಕು" ಎಂಬ ಆ ಮಾತಿನಲ್ಲಿ. ನಮ್ಮ ಪಾಕವಿಧಾನಗಳಲ್ಲಿ "ಉಪ್ಪು ರುಚಿಗೆ ತಕ್ಕಷ್ಟು" ಎಂದು ಬರೆಯುತ್ತೇವಲ್ಲ, ಹಾಗೆ. ಹಾಕುವ ಕೈಯ ಮೇಲೆ ಹೋಗುತ್ತದೆ.

ಇನ್ನೊಂದು ತೊಡಕೂ ಇದೆ. ಈ ಸಾಲುಗಳು ಸಿವಿಲ್ ಕೋರ್ಟಿನವು. ಹೂವಮ್ಮನಂಥವರು ಹಾಕುವ ಅರ್ಜಿ ಮ್ಯಾಜಿಸ್ಟ್ರೇಟರ ಮುಂದೆ, ಬೇರೆಯದೇ ಕಾನೂನಿನಡಿ. ಕುಟುಂಬ ನ್ಯಾಯಾಲಯ ಇರುವ ಊರುಗಳಲ್ಲಿ ಅದೇ ಅರ್ಜಿ ಅಲ್ಲಿಗೆ ಹೋಗುತ್ತದೆ. 1973ರ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಂ ಎಂದರೆ ನಿಮ್ಮಲ್ಲಿ ಹಲವರಿಗೆ ಪರಿಚಯವಿರಬಹುದು. ಆಗ ತಿಂಗಳಿಗೆ 500 ರೂಪಾಯಿಗಿಂತ ಹೆಚ್ಚು ಕೊಡಿಸುವಂತೆಯೇ ಇರಲಿಲ್ಲ. ಅಕ್ಕಿಯ ದರ ಏರಿದರೂ ಕಾನೂನಿನ 500 ಏರಲಿಲ್ಲ! 2001ರಲ್ಲಿ ಆ ಮಿತಿಯನ್ನು ತೆಗೆದುಹಾಕಿದರು. ಜೊತೆಗೆ ಬಹಳ ಮುಖ್ಯವಾದ ಇನ್ನೊಂದು ಮಾತು ಸೇರಿಸಿದರು. ಕೇಸು ಮುಗಿಯುವ ತನಕದ ಮಧ್ಯಂತರ ಜೀವನಾಂಶದ ಅರ್ಜಿಯನ್ನು, ಎದುರಿನವರಿಗೆ ನೋಟೀಸು ಮುಟ್ಟಿದ 60 ದಿನಗಳೊಳಗೆ ಸಾಧ್ಯವಾದಷ್ಟೂ ತೀರ್ಮಾನಿಸಬೇಕು ಎಂದು. 2024ರ ಜುಲೈ 1ರಿಂದ ಹಳೆಯ ಸಂಹಿತೆಯ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಅದರಲ್ಲಿ ಈ ಕಲಂ 144 ಆಗಿದೆ, 60 ದಿನದ ಮಾತು ಹಾಗೆಯೇ ಉಳಿದಿದೆ. ಮನೆಯೊಳಗಿನ ದೌರ್ಜನ್ಯಕ್ಕೆ ಸಂಬಂಧಿಸಿದ 2005ರ ಕಾಯಿದೆಯಂತೂ, ಅರ್ಜಿ ಬಂದ 3 ದಿನಗಳೊಳಗೆ ಸಾಮಾನ್ಯವಾಗಿ ಮೊದಲ ತಾರೀಖು ಇರಬೇಕು, ಅಲ್ಲಿಂದ 60 ದಿನಗಳಲ್ಲಿ ಮುಗಿಸಲು ಪ್ರಯತ್ನಿಸಬೇಕು ಎನ್ನುತ್ತದೆ. ಮತ್ತೆ ಅದೇ, ರುಚಿಗೆ ತಕ್ಕಷ್ಟು.

60 ದಿನ ಎಲ್ಲಿ, ನೋಡನೋಡುತ್ತಾ ಏಳು ವಾರದ ಒಂದೇ ವಾಯಿದೆ ಎಲ್ಲಿ! ಎರಡನೆಯ ವಾಯಿದೆ ಬರುವ ಹೊತ್ತಿಗೆ ಕಾನೂನು ಹೇಳಿದ ಅವಧಿಯೇ ಮುಗಿದಿರುತ್ತದೆ.

ಹಾಗೆಂದು ಹಳೆಯ ಕೇಸನ್ನು ಮೊದಲು ಎತ್ತಿಕೊಳ್ಳುವುದು ತಪ್ಪೇ? ಇಲ್ಲಿ ನನಗೂ ಬಹಳ ದಿನ ಹೊಯ್ದಾಟವಿತ್ತು. 1982ರಲ್ಲಿ ಹೂಡಿದ ಒಂದು ದಾವೆ ನಾಲ್ಕು ದಶಕ ಎಳೆದಾಡಿದ್ದನ್ನು ಕಂಡು ಸುಪ್ರೀಂ ಕೋರ್ಟು 2023ರ ಅಕ್ಟೋಬರಿನಲ್ಲಿ, ಐದು ವರ್ಷ ದಾಟಿದ ಕೇಸುಗಳ ಮೇಲೆ ಹೈಕೋರ್ಟುಗಳು ಕಣ್ಣಿಡಬೇಕೆಂದು ಸೂಚನೆ ಕೊಟ್ಟಿತು. ಒಳ್ಳೆಯದೇ. ನಮ್ಮ ಸಂಬಂಧದಲ್ಲೇ ಒಬ್ಬ ಸೋದರತ್ತೆ ಇದ್ದಾರೆ, ಎಪ್ಪತ್ತು ದಾಟಿದವರು. ತಂದೆಯ ಆಸ್ತಿಯಲ್ಲಿ ಪಾಲು ಕೇಳಿ ದಾವೆ ಹಾಕಿದಾಗ ತಲೆಯಲ್ಲಿ ಕರಿಕೂದಲಿತ್ತು. ನಾನು ಹೂವಮ್ಮನ ಪಕ್ಷ ಹಿಡಿದು ಮಾತಾಡಿದರೆ ಅವರು ರೇಗುತ್ತಾರೆ. "ಅವಳ ಹಸಿವು ದೊಡ್ಡದು, ಒಪ್ಪಿದೆ ಕಣೇ. ನನ್ನ ವಯಸ್ಸೇನು ಸಣ್ಣದಾ?"

ಸಣ್ಣದಲ್ಲ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಎಂದು ಕರ್ನಾಟಕ 1994ರಲ್ಲೇ ಕಾನೂನು ಮಾಡಿತು. ದೇಶಕ್ಕೆಲ್ಲ ಅದು ಬಂದದ್ದು 2005ರಲ್ಲಿ. ಆಮೇಲೂ ತಂದೆ ಆ ದಿನ ಬದುಕಿದ್ದರೇ ಇಲ್ಲವೇ ಎಂಬ ಒಂದು ಎಳೆ ಹಿಡಿದು ಸುಪ್ರೀಂ ಕೋರ್ಟಿನಲ್ಲೇ ಬೇರೆ ಬೇರೆ ತೀರ್ಪುಗಳು ಬಂದು, ಎಷ್ಟೋ ಹೆಣ್ಣುಮಕ್ಕಳ ದಾವೆ ಅಲ್ಲಲ್ಲೇ ನಿಂತವು. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳು ಆ ಗೊಂದಲ ತೀರಿಸಿದರು. ಮಗಳಿಗೆ ಹುಟ್ಟಿನಿಂದಲೇ ಹಕ್ಕು, ತಂದೆ ಅಂದು ಬದುಕಿರಲೇಬೇಕೆಂದಿಲ್ಲ ಎಂದರು. ಹೀಗೆ ನಿಂತುಹೋದ ಕೇಸುಗಳನ್ನು ಸಾಧ್ಯವಾದಷ್ಟೂ 6 ತಿಂಗಳೊಳಗೆ ಮುಗಿಸಿ ಎಂದೂ ಕೆಳಗಿನ ಕೋರ್ಟುಗಳನ್ನು ಕೋರಿದರು. ನಮ್ಮ ಸೋದರತ್ತೆಗೆ ಆ 6 ತಿಂಗಳು ಇನ್ನೂ ಮುಗಿದಿಲ್ಲ.

ಹಾಗಾದರೆ ಯಾರು ಮೊದಲು? ನನ್ನ ಅಭಿಪ್ರಾಯ ಕೇಳಿದರೆ, ಒಲೆ ಮೊದಲು, ಹೊಲ ಆಮೇಲೆ. ಹೊಲ ಕಾಯುತ್ತದೆ, ಕಹಿಯಾದರೂ ಅದು ನಿಜ. ಮಗುವಿನ ಊಟ ಕಾಯುವುದಿಲ್ಲ. ಆದರೆ ಒಂದನ್ನು ಮುಂದೆ ತಂದಾಗ ಇನ್ನೊಂದು ಹಿಂದೆ ಸರಿಯುತ್ತದೆಂಬುದನ್ನು ಮರೆತು ಮಾತಾಡಬಾರದು. ಆದ್ದರಿಂದ ನನಗೆ ಸರಿ ತೋರುವುದು ಇಷ್ಟು. ಪ್ರತಿ ತಾಲ್ಲೂಕು ಕೋರ್ಟಿನಲ್ಲೂ ವಾರದಲ್ಲಿ ಒಂದು ಮುಂಜಾನೆ, ಮಧ್ಯಂತರ ಜೀವನಾಂಶಕ್ಕೆ ಮತ್ತು ಮಕ್ಕಳ ವಿಷಯಕ್ಕೆ ಮೀಸಲಾಗಿರಲಿ, ಆ ಹೊತ್ತು ಬೇರೇನನ್ನೂ ಕೂಗಬಾರದು. ಇಂಥ ಕೇಸಿನ ಎರಡು ವಾಯಿದೆಗಳ ನಡುವೆ ಎರಡು ವಾರಕ್ಕಿಂತ ಹೆಚ್ಚು ಅಂತರ ಬೇಡ. ಮಿಕ್ಕ ಸಮಯದಲ್ಲಿ, ಹಳೆಯ ದಾವೆಗಳ ಪೈಕಿ ವಯಸ್ಸಾದವರದನ್ನು ಮೊದಲು ಎತ್ತಿಕೊಳ್ಳಲಿ. ಇದಕ್ಕೆ ದೊಡ್ಡ ಖರ್ಚೇನೂ ಇಲ್ಲ, ಪಟ್ಟಿ ಬರೆಯುವ ರೀತಿ ಬದಲಾಗಬೇಕು ಅಷ್ಟೇ.

ನ್ಯಾಯಾಧೀಶರನ್ನು ದೂರಿ ಪ್ರಯೋಜನವಿಲ್ಲ. ದಿನಕ್ಕೆ ತೊಂಬತ್ತು ಮಂದಿಗೆ ಒಬ್ಬರೇ ಬಡಿಸಬೇಕಾದರೆ ನಮ್ಮ ಕೈಲಾದರೂ ಆಗುತ್ತದೆಯೇ? ಹತ್ತು ಲಕ್ಷ ಜನಕ್ಕೆ 50 ನ್ಯಾಯಾಧೀಶರಾದರೂ ಬೇಕೆಂದು ಕಾನೂನು ಆಯೋಗ 1987ರಲ್ಲೇ ಹೇಳಿತ್ತು. ಇಂದಿಗೂ ದೇಶದಲ್ಲಿ ಅದರ ಅರ್ಧದಷ್ಟೂ ಇಲ್ಲ.

ರಜೆಯ ಮಾತೂ ಬರಬೇಕು. ಮೇ ತಿಂಗಳಲ್ಲಿ ಸಿವಿಲ್ ಕೋರ್ಟುಗಳಿಗೆ ಬೇಸಿಗೆ ರಜೆ. ದಸರೆಗೊಂದು, ವರ್ಷದ ಕೊನೆಗೊಂದು ಬೇರೆ. ಬ್ರಿಟಿಷರ ಕಾಲದಿಂದ ಬಂದ ಪದ್ಧತಿಯಿದು, ಸೆಕೆ ತಾಳದವರಿಗಾಗಿ ಮಾಡಿದ್ದು. ರಜೆಯಲ್ಲೂ ತೀರ್ಪು ಬರೆಯುತ್ತಾ ಕೂರುವ ನ್ಯಾಯಾಧೀಶರಿದ್ದಾರೆ, ಅವರಿಗೂ ವಿಶ್ರಾಂತಿ ಬೇಕು, ಒಪ್ಪುತ್ತೇನೆ. ಸುಪ್ರೀಂ ಕೋರ್ಟು 2024ರಲ್ಲಿ ತನ್ನ ನಿಯಮ ತಿದ್ದಿ, ಬೇಸಿಗೆ ರಜೆಯೆಂಬ ಹೆಸರನ್ನೇ ತೆಗೆದು "ಭಾಗಶಃ ಕೆಲಸದ ದಿನಗಳು" ಎಂದು ಕರೆಯಿತು. ಹೆಸರು ಬದಲಾಯಿಸಿದರೆ ಸಾಲದು. ಏಪ್ರಿಲ್ ಕೊನೆಯ ವಾಯಿದೆ ತಪ್ಪಿದರೆ ಜೂನಿಗೆ ಹೋಗಿ ಬೀಳುತ್ತದೆ. ಜೂನ್ ಎಂದರೆ ಶಾಲೆ ಶುರುವಾಗುವ ತಿಂಗಳು, ಪುಸ್ತಕ, ಸಮವಸ್ತ್ರ, ಕೊಡೆ ಎಲ್ಲಕ್ಕೂ ದುಡ್ಡು ಬೇಕಾದ ತಿಂಗಳು. ನಿಮ್ಮವರ ಯಾರದಾದರೂ ಇಂಥ ಕೇಸು ಇದ್ದರೆ ಫೆಬ್ರವರಿ, ಮಾರ್ಚಿನಲ್ಲೇ ಮಧ್ಯಂತರದ ಅರ್ಜಿಯನ್ನು ನೆನಪಿಸಿ, ರಜೆಗೆ ಮುಂಚೆ ಆದೇಶವಾಗುವಂತೆ ವಕೀಲರಿಗೆ ಹೇಳಿ.

ಮತ್ತೆ ಕೆಲವು ಮಾತು, ಗೊತ್ತಿದ್ದವರು ಗೊತ್ತಿಲ್ಲದವರಿಗೆ ಹೇಳಿ. ತಾರೀಖು ತೀರ ದೂರ ಬಿದ್ದಿದ್ದರೆ, "ನಮ್ಮ ಕೇಸನ್ನು ಮುಂಚೆಯೇ ತೆಗೆದುಕೊಳ್ಳಿ" ಎಂದು ಕಾರಣ ಕೊಟ್ಟು ಲಿಖಿತ ಅರ್ಜಿ ಹಾಕಬಹುದು. ಬಾಯಲ್ಲಿ ಗೋಳಾಡಿದ್ದು ಕಡತಕ್ಕೆ ಹೋಗುವುದಿಲ್ಲ, ಬರೆದುಕೊಟ್ಟದ್ದು ಹೋಗುತ್ತದೆ. ಮಕ್ಕಳ ಶಾಲೆಯ ಶುಲ್ಕದ ಚೀಟಿ, ಬಾಡಿಗೆ ರಸೀತಿ, ಔಷಧಿ ಬಿಲ್ಲು ಎಲ್ಲ ಜೋಡಿಸಿಡಿ. 2020ರ ನವೆಂಬರಿನಲ್ಲಿ ರಜನೇಶ್-ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಗಂಡ-ಹೆಂಡತಿ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲಗಳ ಪ್ರಮಾಣಪತ್ರ ಕೊಡಲೇಬೇಕು, ಜೀವನಾಂಶವನ್ನು ಅರ್ಜಿ ಹಾಕಿದ ದಿನದಿಂದಲೇ ಕೊಡಿಸಬೇಕು ಎಂದಿದೆ. ಮೊದಲೆಲ್ಲ ಕೆಲವು ಕೋರ್ಟುಗಳು ಆದೇಶವಾದ ದಿನದಿಂದ ಕೊಡಿಸುತ್ತಿದ್ದವು. ಕೇಸು ಎಳೆದಷ್ಟೂ ಗಂಡನಿಗೆ ಲಾಭ! ಈಗ ಎಳೆದಷ್ಟೂ ಬಾಕಿ ಬೆಳೆಯುತ್ತದೆ. ವಾಯಿದೆ ಕೇಳುವವರ ಬಾಯಿಗೆ ಇದಕ್ಕಿಂತ ಒಳ್ಳೆಯ ಬೀಗ ಇನ್ನೊಂದಿಲ್ಲ ಎಂದು ನನ್ನ ಅನಿಸಿಕೆ.

ಸಿವಿಲ್ ದಾವೆಯಲ್ಲಾದರೆ, ವಿಚಾರಣೆ ನಡೆಯುವಾಗ ಒಂದು ಪಕ್ಷಕ್ಕೆ ಮೂರಕ್ಕಿಂತ ಹೆಚ್ಚು ಸಲ ಮುಂದೂಡಿಕೆ ಕೊಡಬಾರದೆಂಬ ನಿಯಮ 2002ರಿಂದಲೂ ಇದೆ. ತಪ್ಪಿಸಲಾಗದ ಕಾರಣವಿದ್ದರೆ ಬೇರೆ ಮಾತು. ಮುಂದೂಡಿಕೆ ಕೇಳಿದವರಿಂದ ಖರ್ಚು ಕೊಡಿಸಿ ಎಂದು ಕೇಳುವುದಕ್ಕೂ ಅವಕಾಶವಿದೆ. ಕೇಳಲು ನಾಚಿಕೆ ಬೇಡ.

ವಕೀಲರ ಫೀಸಿಗೆ ಹೆದರಿ ಹಿಂಜರಿಯುವವರು ಬಹಳ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. 1987ರ ಕಾನೂನು ಸೇವೆಗಳ ಕಾಯಿದೆ ಅದನ್ನು ಕೊಟ್ಟಿದೆ. ತಾಲ್ಲೂಕು ಕಾನೂನು ಸೇವಾ ಸಮಿತಿ ಎಲ್ಲಿದೆ ಎಂದು ಕೋರ್ಟಿನಲ್ಲಿ ಕೇಳಿದರೆ ತೋರಿಸುತ್ತಾರೆ. ಫೋನಿನಲ್ಲಾದರೆ 15100. ಕೇಸಿಗೆ 16 ಅಕ್ಷರ-ಅಂಕಿಗಳ ಒಂದು ಗುರುತು ಸಂಖ್ಯೆ ಇರುತ್ತದೆ. ಅದನ್ನು ಬರೆದಿಟ್ಟುಕೊಂಡರೆ ಮುಂದಿನ ತಾರೀಖನ್ನು ಮಕ್ಕಳ ಕೈಲಿ ಮೊಬೈಲಿನಲ್ಲೇ ನೋಡಿಸಬಹುದು, ಗುಮಾಸ್ತರ ಹಿಂದೆ ಓಡಬೇಕಿಲ್ಲ. ಲೋಕ ಅದಾಲತ್ತಿನಲ್ಲಿ ರಾಜಿಯಾಗಿ ಎಂದರೆ ಆಗಬಹುದು, ಬೇಗ ಮುಗಿಯುತ್ತದೆ. ಆದರೆ ಅಲ್ಲಿ ಒಪ್ಪಿದ ಮೇಲೆ ಮೇಲ್ಮನವಿ ಇಲ್ಲ. "ಹೂಂ" ಎನ್ನುವ ಮುಂಚೆ ಎಷ್ಟು ಹಣ, ಯಾವ ತಾರೀಖಿಗೆ, ಹೇಗೆ ಕೊಡುತ್ತಾನೆ ಎನ್ನುವುದು ಕಾಗದದಲ್ಲಿದೆಯೇ ನೋಡಿಕೊಳ್ಳಿ.

ಹೂವಮ್ಮನಿಗೆ ಕಡೆಗೆ 2022ರಲ್ಲಿ ಆದೇಶವಾಯಿತು. ಅರ್ಜಿ ಹಾಕಿದ ದಿನದಿಂದ ಲೆಕ್ಕ, ಹಾಗಾಗಿ ಬಾಕಿ ದೊಡ್ಡದೇ ಆಯಿತು. ಗಂಡ ಕೊಡಲಿಲ್ಲ. ಬಾಕಿ ವಸೂಲಿಗೆ, ಹಣ ಕೊಡಬೇಕಾದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು, ಇಲ್ಲದಿದ್ದರೆ ವಾರಂಟು ಸಿಗುವುದಿಲ್ಲ. ಇದನ್ನು ಯಾರೂ ಮರೆಯಬೇಡಿ. ಇವಳು ಮರೆಯಲಿಲ್ಲ. ವಾರಂಟು ಹೊರಟ ಮೇಲೆ ಅವನು ತಾನಾಗಿಯೇ ಬಂದು ಕಂತಿನಲ್ಲಿ ಕಟ್ಟುತ್ತೇನೆಂದು ಒಪ್ಪಿಕೊಂಡ. ಒಂದು ಕಂತು ಬಂದರೆ ಒಂದು ತಪ್ಪುತ್ತದೆ, ಮತ್ತೆ ವಾಯಿದೆ.

ಕಳೆದ ಸಲ ಬೆಂಚ್ ಕ್ಲಾರ್ಕು ಮುಂದಿನ ತಾರೀಖು ಬುಧವಾರಕ್ಕೆ ಹಾಕಹೊರಟರು. ಬಾಗಿಲ ಬಳಿ ನಿಲ್ಲುತ್ತಿದ್ದ ಹೂವಮ್ಮ ಈಗ ಒಳಗೇ ಬಂದು ನಿಲ್ಲುತ್ತಾಳೆ. "ಸ್ವಾಮೀ, ಬುಧವಾರ ಸಂತೆ, ನನ್ನ ವ್ಯಾಪಾರದ ದಿನ. ಅದು ಬೇಡಿ" ಎಂದಳು. ನ್ಯಾಯಾಧೀಶರು ತಲೆಯೆತ್ತಿ ನೋಡಿದರು. ಗುರುವಾರ ಎಂದು ಬರೆಸಿದರು.